ಕಡೇ ದಿವಸಗಳ ಶುಶ್ರೂಷೆಯನ್ನು ಪರೀಕ್ಷಿಸುವ ಕ್ರಮ

(ಕುಟುಂಬದವರಿಗಾಗಿಯೂ ಸಭೆಯ ಹಿರಿಯರಿಗಾಗಿಯೂ ಒಂದು ಪಾಠ)



ನಮ್ಮ ಹಳ್ಳಿಗಳಲ್ಲಿ ಒಬ್ಬನು ಎತ್ತನ್ನು ಕೊಳ್ಳಬೇಕಾದರೆ ಅದರ ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ, ಹತ್ತು ಹೆಜ್ಜೆ ನಡಿಸಿ ನೋಡುತ್ತಾನೆ, ಬಲ್ಲವನೊಬ್ಬನನ್ನು ಕೇಳುತ್ತಾನೆ. ಮಗಳನ್ನು ಕೊಡುವ ಮನೆಯ ವಿಷಯದಲ್ಲಿಯಂತೂ ನೆರೆಯೂರಿನವರನ್ನೂ ಬಿಡದೆ ವಿಚಾರಿಸುತ್ತೇವೆ. ಆದರೆ ವಾಸಿಯಾಗದ ರೋಗದಿಂದ ಮಲಗಿರುವ ತಾಯಿಯನ್ನಾಗಲಿ ತಂದೆಯನ್ನಾಗಲಿ ಕಡೇ ವಾರಗಳಲ್ಲಿ ಪರರ ಕೈಗೆ ಒಪ್ಪಿಸಬೇಕಾದಾಗ ನಾವು ಕೇಳುವದು ಎರಡೇ ಮಾತು: ಹಣ ಎಷ್ಟು? ದಾರಿ ಎಷ್ಟು ದೂರ? ಇವನ್ನು ಕೇಳುವದು ತಪ್ಪಲ್ಲ. ಇಷ್ಟನ್ನೇ ಕೇಳಿ ಸುಮ್ಮನಾಗುವದು ತಪ್ಪು. ಆ ತಪ್ಪನ್ನು ನಮ್ಮ ಮನೆಯವರೇ ಮಾಡಿದ್ದರಿಂದ ಈ ಪಾಠವನ್ನು ಬರೆಯುವದಕ್ಕೆ ನನಗೆ ಮನಸ್ಸಾಯಿತು.

ನನ್ನ ದೊಡ್ಡಮ್ಮನವರಿಗೆ ಸ್ತನದಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನೆಲುಬಿಗೆ ಹಬ್ಬಿತ್ತು. ಇನ್ನು ಚಿಕಿತ್ಸೆಯಿಂದ ಗುಣವಾಗದೆಂದು ಪಟ್ಟಣದ ಡಾಕ್ಟರರು ಹೇಳಿದ ಮೇಲೆ ನಾವು ಅವರನ್ನು ಒಂದು ಶುಶ್ರೂಷಾಲಯಕ್ಕೆ ಸೇರಿಸಿದೆವು. ಕಟ್ಟಡವು ಹೊಸದು, ನೆಲವು ಕನ್ನಡಿಯ ಹಾಗಿತ್ತು, ಗೋಡೆಗಳ ಮೇಲೆ ಒಳ್ಳೊಳ್ಳೇ ಮಾತುಗಳು ಬರೆದಿದ್ದವು. ಹಗಲಲ್ಲಿ ನೋಡಹೋದಾಗಲೆಲ್ಲಾ ಮೃದುವಾದ ಮಾತು, ಒಗೆದ ಹಾಸಿಗೆ. ಏಳನೆಯ ದಿವಸ ರಾತ್ರಿ ಅಲ್ಲಿ ತಂಗುವದಕ್ಕೆ ನನಗೆ ಅಪ್ಪಣೆ ಸಿಕ್ಕಿತು. ಎರಡು ಗಂಟೆಯ ಹೊತ್ತಿಗೆ ದೊಡ್ಡಮ್ಮನವರು ಕೂಗಬಾರದೆಂದು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ನಾನು ದಾದಿಯನ್ನು ಹುಡುಕುತ್ತಾ ಹೋದರೆ ಕಾವಲುಗಾರನು ಮಾತ್ರ ಸಿಕ್ಕಿದನು. ಮದ್ದಿನ ಕಪಾಟಿಗೆ ಬೀಗ ಹಾಕಿದೆ, ಡಾಕ್ಟರರು ಬೆಳಿಗ್ಗೆ ಹತ್ತಕ್ಕೆ ಬರುವರು ಅಂದನು. "ಹಗಲಿಗೆ ಎಲ್ಲರೂ ಇದ್ದಾರೆ ಮಗಾ, ರಾತ್ರಿಗೆ ಯಾರೂ ಇಲ್ಲ" ಎಂದು ದೊಡ್ಡಮ್ಮನವರು ಹೇಳಿದರು. ಮರುದಿನ ಅವರ ಮಂಚಕ್ಕೆ ಕಟ್ಟಿದ್ದ ಕಾಗದವನ್ನು ಓದಿದೆನು. ರೋಗಿಯು ರಾತ್ರಿ ಚೆನ್ನಾಗಿ ನಿದ್ದೆಮಾಡಿದಳು ಎಂದು ಅದರಲ್ಲಿ ಬರೆದಿತ್ತು.

ಆ ಕಾಗದವನ್ನು ಬರೆದವರ ತಪ್ಪು ಅವರಿಗೇ ಇರಲಿ. ಆದರೆ ಸೇರಿಸುವ ಮೊದಲು ನಮ್ಮಲ್ಲಿ ಒಬ್ಬರಾದರೂ, ರಾತ್ರಿಯಲ್ಲಿ ಇಲ್ಲಿ ಯಾರಿರುತ್ತಾರೆ? ಎಂದು ಕೇಳಿರಲಿಲ್ಲ. ಕೇಳತಕ್ಕ ಮಾತುಗಳು ಯಾವವು, ಒಳ್ಳೇ ಉತ್ತರ ಹೇಗಿರಬೇಕು ಎಂಬದನ್ನು ಈಗ ಕ್ರಮವಾಗಿ ನೋಡೋಣ.

1. ಹಾಸ್ಪಿಸ್ ಎಂಬದು ಏನು?

ಪೂರ್ವಕಾಲದಲ್ಲಿ ಯೂರೋಪಿನ ಯಾತ್ರಿಕರು ತಂಗುತ್ತಿದ್ದ ಮನೆಗೆ, ನಮ್ಮ ಛತ್ರದಂಥದ್ದಕ್ಕೆ, ಈ ಹೆಸರಿತ್ತು. ಈಗಿನ ಅರ್ಥದಲ್ಲಿ ಅದನ್ನು ಸ್ಥಾಪಿಸಿದವರು ಸಿಸಿಲಿ ಸಾಂಡರ್ಸ್ ಎಂಬ ಇಂಗ್ಲಿಷ್ ಸ್ತ್ರೀ. ಅವರು 1918ರಲ್ಲಿ ಹುಟ್ಟಿದರು. ಮೊದಲು ದಾದಿಯಾಗಿದ್ದರು, ಬೆನ್ನಿನ ನೋವಿನಿಂದ ಆ ಕೆಲಸವನ್ನು ಬಿಟ್ಟು ಆಸ್ಪತ್ರೆಯಲ್ಲಿ ಬಡರೋಗಿಗಳ ಸಂಸಾರದ ಕಷ್ಟಗಳನ್ನು ವಿಚಾರಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದ್ಯನ ಪರಿಚಯವಾಯಿತು. ಅವನು 1948ರಲ್ಲಿ ತೀರಿಹೋಗುವಾಗ 500 ಪೌಂಡುಗಳನ್ನು ಅವರಿಗೆ ಬಿಟ್ಟು, ಅವರು ಮುಂದೆ ಕಟ್ಟಿಸುವ ಮನೆಯಲ್ಲಿ ತಾನು ಒಂದು ಕಿಟಕಿಯಾಗಿರುವೆನೆಂದು ಹೇಳಿದನು. ಅವರು ಪುನಃ ಓದಿ 1957ರಲ್ಲಿ ಡಾಕ್ಟರರಾದರು. 1967ರಲ್ಲಿ ಲಂಡನ್ ಪಟ್ಟಣದ ದಕ್ಷಿಣ ಭಾಗದಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಮನೆಯನ್ನು ತೆರೆದರು. 2005ರಲ್ಲಿ ಅದೇ ಮನೆಯಲ್ಲಿ ಕಡೇ ಉಸಿರನ್ನು ಬಿಟ್ಟರು.

ಅವರು ಕಲಿಸಿದ್ದು ಮುಖ್ಯವಾಗಿ ಎರಡು. ಒಂದು, ನೋವು ಬಂದ ಮೇಲೆ ರೋಗಿಯು ಬೇಡಿಕೊಂಡಾಗ ಮದ್ದು ಕೊಡುವದಲ್ಲ. ನೋವು ಏಳುವದಕ್ಕೆ ಮುಂಚೆಯೇ ಗಡಿಯಾರವನ್ನು ನೋಡಿ ಕೊಡಬೇಕು. ಎರಡು, ಸಾಯುವವರ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನ ದಿಗಿಲು, ಮನೆಯ ಸಾಲ ಮತ್ತು ಮಕ್ಕಳ ಚಿಂತೆ, ನನ್ನ ಬಾಳಿಗೆ ಅರ್ಥವೇನು ಎಂಬ ಆತ್ಮದ ಪ್ರಶ್ನೆ, ಇವೆಲ್ಲಾ ಒಂದೇ ನೋವಿನ ನಾಲ್ಕು ಪಾಲುಗಳು. ಒಂದು ಪಾಲನ್ನು ಬಿಟ್ಟರೆ ಉಳಿದ ಮೂರೂ ಶಮನವಾಗವು.

ಈ ತರದ ಕೆಲಸಕ್ಕೆ ಉಪಶಾಮಕ ಆರೈಕೆ ಎಂದು ಹೆಸರು. ರೋಗವನ್ನು ಗುರುತಿಸಿದ ದಿವಸದಿಂದಲೇ, ಬೇರೆ ಚಿಕಿತ್ಸೆಯ ಜೊತೆಯಲ್ಲಿ, ಇದನ್ನು ಆರಂಭಿಸಬಹುದು. ಹಾಸ್ಪಿಸ್ ಎಂಬದು ಅದರ ಕಡೇ ಭಾಗ. ಅದು ಒಂದು ಕಟ್ಟಡವೇ ಆಗಿರಬೇಕೆಂದಿಲ್ಲ. ರೋಗಿಯ ಮನೆಗೆ ಬರುವ ದಾದಿಯೂ ಡಾಕ್ಟರರೂ ಸೇವಕರೂ ಕೂಡಿ ಒಂದು ಹಾಸ್ಪಿಸ್ ಆಗಬಹುದು. ನಮ್ಮ ದೇಶದಲ್ಲಿ ಮೊದಲನೆಯದಾದ ಶಾಂತಿ ಅವೇದ್ನಾ ಸದನವು 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 1993ರಲ್ಲಿ ಕೇರಳದ ಕೋಳಿಕೋಡಿನಲ್ಲಿ ಡಾಕ್ಟರ್ ರಾಜಗೋಪಾಲರೂ ಅವರ ಜೊತೆಗಾರರೂ ಒಂದು ಸಂಘವನ್ನು ಕಟ್ಟಿದರು. ಅದರಿಂದ ಬೆಳೆದ ಕೆಲಸದಲ್ಲಿ ಊರೂರಿನ ಸಾಮಾನ್ಯ ಜನರೇ ತರಬೇತು ಹೊಂದಿ, ಚಿಕ್ಕ ಚಿಕ್ಕ ಕಾಣಿಕೆಗಳನ್ನು ಕೂಡಿಸಿ, ನೆರೆಹೊರೆಯ ರೋಗಿಗಳನ್ನು ನೋಡುವವರಾದರು. ಬೆಂಗಳೂರಿನಲ್ಲಿ 1994ರಲ್ಲಿ ಒಂದು ಟ್ರಸ್ಟ್ ಹುಟ್ಟಿ 1999ರಲ್ಲಿ ಕರುಣಾಶ್ರಯವೆಂಬ ಮನೆಯನ್ನು ತೆರೆಯಿತು. ಗುಣವಾಗದ ಕ್ಯಾನ್ಸರುಳ್ಳವರನ್ನು ಅಲ್ಲಿ ಹಣ ತೆಗೆದುಕೊಳ್ಳದೆ ನೋಡುತ್ತಾರೆ. ಭಾರತ ಸರಕಾರವು 2012ರಲ್ಲಿ ಇದಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಹಾಕಿಕೊಂಡಿತು. ಆದಕಾರಣ ಹಳ್ಳಿಯವರು ಮೊದಲು ತಾಲೂಕು ಆಸ್ಪತ್ರೆಯಲ್ಲಿಯೂ ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸತಕ್ಕದ್ದು.

2. ಮೂರು ತರದ ಪರೀಕ್ಷೆ

ವೈದ್ಯಕೀಯ ಸೇವೆಯ ಗುಣವನ್ನು ಅಳೆಯುವದು ಹೇಗೆಂದು ಅವೆಡಿಸ್ ಡೊನಾಬೆಡಿಯನ್ ಎಂಬ ಪಂಡಿತರು ಅಮೇರಿಕಾದಲ್ಲಿ 1966ರಲ್ಲಿ ಒಂದು ಲೇಖನವನ್ನು ಬರೆದರು. ಅವರ ಬೋಧನೆಯ ಸಾರವೇನಂದರೆ, ಮೂರನ್ನು ನೋಡಬೇಕು: ಅಲ್ಲಿ ಏನಿದೆ, ಅಲ್ಲಿ ಏನು ಮಾಡುತ್ತಾರೆ, ಅದರಿಂದ ರೋಗಿಗೆ ಏನಾಗುತ್ತದೆ. ಒಕ್ಕಲಿಗನಿಗೆ ಇದು ತಿಳಿದ ಮಾತೇ. ಹೊಲವೂ ನೇಗಿಲೂ ಇರುವದು ಒಂದು, ಹದವರಿತು ಬಿತ್ತುವದು ಒಂದು, ಕಣಕ್ಕೆ ಕಾಳು ಬರುವದು ಒಂದು. ಹೊಲವನ್ನು ನೋಡಿದ ಮಾತ್ರಕ್ಕೆ ಕಾಳನ್ನು ಕಂಡ ಹಾಗಾಗಲಿಲ್ಲ. ನಾವು ದೊಡ್ಡಮ್ಮನವರ ವಿಷಯದಲ್ಲಿ ಹೊಲವನ್ನು ಮಾತ್ರ ನೋಡಿದೆವು.

3. ಅಲ್ಲಿ ಏನಿದೆ?

ಮೊದಲನೆಯ ಪ್ರಶ್ನೆ: ರಾತ್ರಿಯಲ್ಲಿ ಯಾರಿದ್ದಾರೆ? ಒಳರೋಗಿಗಳಿರುವ ಮನೆಯಾದರೆ ಎಚ್ಚರವಾಗಿರುವ ದಾದಿ ಇರಬೇಕು. ಆಕೆಗೆ ಮದ್ದಿನ ಕಪಾಟು ತೆರೆಯುವ ಅಧಿಕಾರವೂ ಇರಬೇಕು. ಮನೆಗೆ ಬರುವ ತಂಡವಾದರೆ ರಾತ್ರಿ ಫೋನು ಮಾಡಿದಾಗ ಉತ್ತರ ಕೊಡುವವರು ಯಾರು, ಅವರು ಹೇಳುವ ಮದ್ದು ಮೊದಲೇ ನಮ್ಮ ಮನೆಯಲ್ಲಿ ಇಟ್ಟಿರುತ್ತದೋ ಎಂದು ಕೇಳಿರಿ. ನಮ್ಮನ್ನು ಕೇಳಬೇಡಿರಿ, ಆಸ್ಪತ್ರೆಗೆ ಹೋಗಿರಿ ಎಂಬ ಉತ್ತರ ಬಂದರೆ ಆ ತಂಡವು ಹಗಲಿನ ತಂಡ ಮಾತ್ರವೆಂದು ತಿಳಿಯಿರಿ.

ಎರಡನೆಯದು: ಮಾರ್ಫಿನ್ ಉಂಟೋ? ಇದು ಅಫೀಮಿನಿಂದ ತೆಗೆಯುವ ಔಷಧ. ತೀವ್ರವಾದ ಕ್ಯಾನ್ಸರ್ ನೋವಿಗೆ ಇದಕ್ಕೆ ಸಮನಾದದ್ದು ಬಡವರ ಕೈಗೆ ಸಿಕ್ಕುವ ಬೆಲೆಯಲ್ಲಿ ಬೇರೆ ವಿರಳ. 1985ರ ಮಾದಕವಸ್ತುಗಳ ಕಾಯಿದೆಯ ತರುವಾಯ ಅನೇಕ ಪರವಾನಗಿಗಳು ಬೇಕಾದದ್ದರಿಂದ ಬಹಳ ಆಸ್ಪತ್ರೆಗಳು ಅದನ್ನು ಇಡುವದನ್ನೇ ಬಿಟ್ಟವು. 2014ರಲ್ಲಿ ಆ ಕಾಯಿದೆಯನ್ನು ತಿದ್ದಿ, ಮಾನ್ಯತೆ ಪಡೆದ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಯ ಒಂದೇ ಅಪ್ಪಣೆ ಸಾಕೆಂದು ಮಾಡಿದರು. ಆದದರಿಂದ ಕ್ಯಾನ್ಸರು ರೋಗಿಗಳನ್ನು ನೋಡುತ್ತೇವೆಂದು ಹೇಳುವ ಮನೆಯಲ್ಲಿ ಮಾರ್ಫಿನ್ ಇಲ್ಲದಿದ್ದರೆ, ಯಾಕಿಲ್ಲ? ನೋವು ಹೆಚ್ಚಾದಾಗ ಏನು ಮಾಡುತ್ತೀರಿ? ಎಂದು ಸಂಕೋಚವಿಲ್ಲದೆ ಕೇಳತಕ್ಕದ್ದು.

ಮೂರನೆಯದು: ಡಾಕ್ಟರರೂ ದಾದಿಯರೂ ಈ ಕೆಲಸದಲ್ಲಿ ವಿಶೇಷ ತರಬೇತನ್ನು ಹೊಂದಿದ್ದಾರೋ? ಒಳ್ಳೇ ಮನಸ್ಸು ಬೇಕು, ಆದರೆ ಅದು ಮಾತ್ರ ಸಾಲದು. ಒಬ್ಬ ದಾದಿಗೆ ಎಷ್ಟು ಮಂದಿ ರೋಗಿಗಳು ಎಂಬದನ್ನೂ ಕೇಳಿರಿ. ಹಣದ ಲೆಕ್ಕವನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಿರಿ.

4. ಅಲ್ಲಿ ಏನು ಮಾಡುತ್ತಾರೆ?

ನಾಲ್ಕನೆಯದು: ಮೊದಲು ಯಾರನ್ನು ಕೇಳುತ್ತಾರೆ? ಒಳ್ಳೇ ದಾದಿಯು ಮೊದಲು ರೋಗಿಯನ್ನೇ ಮಾತಾಡಿಸುವಳು. ನೋವು ಎಲ್ಲಿ, ಎಂಥದ್ದು, ಹತ್ತು ಬೆರಳುಗಳಲ್ಲಿ ಎಷ್ಟು ಬೆರಳಿನಷ್ಟು, ರಾತ್ರಿ ನಿದ್ದೆ ಬಂತೋ ಎಂದು ಕೇಳಿ ಬರೆದುಕೊಳ್ಳುವಳು. ಮಾರನೆಯ ಸಾರಿ ಬಂದಾಗ ಅದನ್ನೇ ಪುನಃ ಕೇಳಿ ಹೋಲಿಸುವಳು. ಕೇಳದೆ ಬರೆದ ಕಾಗದವು ಸುಳ್ಳುಸಾಕ್ಷಿಯಂತಿರುವದು.

ಐದನೆಯದು: ಮದ್ದನ್ನು ಕ್ರಮದಿಂದ ಕೊಡುತ್ತಾರೋ? ಸಾಧಾರಣ ಮಾರ್ಫಿನ್ ಗುಳಿಗೆಯ ಬಲವು ಸುಮಾರು ನಾಲ್ಕು ತಾಸು ನಿಲ್ಲುವದು. ಆದದರಿಂದ ಅದನ್ನು ನಾಲ್ಕು ತಾಸಿಗೊಮ್ಮೆ ಕೊಡುವದು ವಾಡಿಕೆ. ನಡುವೆ ನೋವು ಎದ್ದರೆ ಕೊಡುವದಕ್ಕೆ ಬೇರೆ ಪ್ರಮಾಣವನ್ನೂ ಹೇಳಿರಬೇಕು. ಈ ಮದ್ದಿನಿಂದ ಮಲಬದ್ಧತೆ ಆಗುವದು ಬಹು ಸಾಮಾನ್ಯ. ಅದಕ್ಕೆ ತಕ್ಕ ಔಷಧವನ್ನು ಮೊದಲನೆಯ ದಿವಸದಿಂದಲೇ ಜೊತೆಗೆ ಕೊಡುವವರು ಕೆಲಸ ಬಲ್ಲವರು.

ಆರನೆಯದು: ಚಿಕ್ಕ ಕೆಲಸಗಳನ್ನು ಹೇಗೆ ಮಾಡುತ್ತಾರೆ? ಏಳಲಾರದವರ ಮಗ್ಗುಲನ್ನು ಹೊತ್ತುಹೊತ್ತಿಗೆ ತಿರುಗಿಸುವದು, ಬಾಯನ್ನು ಒದ್ದೆಮಾಡಿ ಶುದ್ಧವಾಗಿಡುವದು, ಹುಣ್ಣಿನ ದುರ್ವಾಸನೆಗೆ ಮದ್ದು ಹಾಕುವದು, ಉಸಿರು ಕಟ್ಟಿದಾಗ ಒರಗಿಸಿ ಕೂಡ್ರಿಸಿ ಮುಖಕ್ಕೆ ಗಾಳಿ ಬೀಸುವದು, ಮೈ ತೊಳೆಯುವಾಗ ಅಡ್ಡ ಪರದೆ ಎಳೆಯುವದು. ರೋಗಿಗಳಿರುವ ಕೋಣೆಗೆ ಹೋಗಿ ಸುಮ್ಮನೆ ಅರ್ಧ ತಾಸು ಕೂತುಕೊಳ್ಳಿರಿ. ಒಬ್ಬರು ನೀರು ಕೇಳಿದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿರಿ. ಗೋಡೆಯ ಮೇಲಿನ ಬರಹಕ್ಕಿಂತ ಇದು ನಿಜವಾದ ಸಾಕ್ಷಿ.

ಏಳನೆಯದು: ರೋಗಿಯ ನಂಬಿಕೆಯನ್ನು ಗೌರವಿಸುತ್ತಾರೋ? ನಮ್ಮ ಸಭಾಪಾಲಕರು ಬಂದು ಪ್ರಾರ್ಥಿಸುವದಕ್ಕೂ, ನಮ್ಮ ಪದ್ಧತಿಯ ಪ್ರಕಾರ ಶವವನ್ನು ಒಯ್ಯುವದಕ್ಕೂ ಅಡ್ಡಿ ಇರಬಾರದು. ಹಾಗೆಯೇ ಪಕ್ಕದ ಮಂಚದಲ್ಲಿರುವ ಅನ್ಯಮತದವರಿಗೂ ಅವರ ಪೂಜೆ ನಮಾಜುಗಳಿಗೆ ಅಡ್ಡಿ ಇರಬಾರದು. ಬಾಗಿಲಿನ ಮೇಲೆ ಕ್ರೈಸ್ತ ಹೆಸರು ಇದ್ದ ಮಾತ್ರಕ್ಕೆ ಆ ಮನೆ ಒಳ್ಳೆಯದಾಗದು. ಎದ್ದು ಹೋಗುವದಕ್ಕೆ ಕಾಲಿಲ್ಲದವರಿಗೆ ಬೇಡವಾದ ಬೋಧನೆಯನ್ನು ಹೇರುವದು ಪ್ರೀತಿಯಲ್ಲ. ಅದನ್ನು ನಮ್ಮವರು ಮಾಡಿದರೂ ತಪ್ಪೇ.

5. ಅದರಿಂದ ಏನಾಗುತ್ತದೆ?

ಎಂಟನೆಯದು: ಎರಡು ಮೂರು ದಿವಸಗಳಲ್ಲಿ ನೋವು ಇಳಿಯಿತೋ? ಎಲ್ಲಾ ನೋವೂ ಪೂರ್ತಿಯಾಗಿ ಹೋಗುವದೆಂದು ಯಾರೂ ಮಾತು ಕೊಡಲಾರರು. ಆದರೆ ಇಳಿಯದಿದ್ದರೆ ಪ್ರಮಾಣವನ್ನಾಗಲಿ ಮದ್ದನ್ನಾಗಲಿ ಬದಲಿಸಿ ಪುನಃ ಬಂದು ನೋಡುವರೋ ಎಂಬದೇ ಮುಖ್ಯ. ನಿದ್ದೆ, ಮಾತು, ನಗು, ಮೊಮ್ಮಕ್ಕಳನ್ನು ಹತ್ತಿರ ಕರೆಯುವದು, ಇವೇ ಇಲ್ಲಿಯ ಕಾಳು.

ಒಂಭತ್ತನೆಯದು: ಮನೆಯವರಿಗೆ ಏನಾಯಿತು? ಒಳ್ಳೇ ತಂಡವು ಮುಂದೆ ಬರುವದನ್ನು ಮೊದಲೇ ತಿಳಿಸುವದು. ಕಡೇ ದಿವಸಗಳಲ್ಲಿ ಹಸಿವು ತಾನಾಗಿ ಹೋಗುತ್ತದೆ, ಬಲವಂತವಾಗಿ ತಿನ್ನಿಸಿದರೆ ಉಸಿರಿನ ದಾರಿಗೆ ಹೋಗಬಹುದು. ಗಂಟಲಲ್ಲಿ ಗೊರಗೊರ ಶಬ್ದ ಬಂದರೆ ಮಗ್ಗುಲಾಗಿ ಮಲಗಿಸಬೇಕು ಎಂದು ಹೇಳಿಕೊಡುವದು. ಮರಣವಾದ ಮೇಲೆಯೂ ಒಂದೆರಡು ಸಾರಿ ಬಂದು ಉಳಿದವರನ್ನು ವಿಚಾರಿಸುವದು. ಆದದರಿಂದ ಹಿಂದೆ ಅಲ್ಲಿ ತಮ್ಮವರನ್ನು ಕಳಕೊಂಡ ಮನೆಗಳನ್ನು ಹುಡುಕಿ, ಪುನಃ ಅಂಥ ಹೊತ್ತು ಬಂದರೆ ಅವರನ್ನೇ ಕರೆಯುವಿರಾ? ಎಂದು ಕೇಳಿರಿ. ಎಲ್ಲಾ ಪ್ರಶ್ನೆಗಳನ್ನು ಕೇಳಲಾಗದವನು ಇದೊಂದನ್ನಾದರೂ ಕೇಳಲಿ.

6. ನಮ್ಮ ಜನರ ಭಯಗಳು

ಹಾಸ್ಪಿಸಿಗೆ ಸೇರಿಸುವದೆಂದರೆ ಬೇಗನೆ ಸಾಯಲಿ ಎಂದು ಕೈಬಿಡುವದು ಎಂದು ಕೆಲವರು ಅನ್ನುತ್ತಾರೆ. 2010ರಲ್ಲಿ ಅಮೇರಿಕಾದ ಬೋಸ್ಟನ್ ಪಟ್ಟಣದ ಡಾಕ್ಟರರು ಶ್ವಾಸಕೋಶದ ಕ್ಯಾನ್ಸರು ಹಬ್ಬಿದ್ದ 151 ಮಂದಿಯನ್ನು ಎರಡು ಪಾಲು ಮಾಡಿ ನೋಡಿದ ಫಲವನ್ನು ಪ್ರಕಟಿಸಿದರು. ಒಂದು ಪಾಲಿಗೆ ವಾಡಿಕೆಯ ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆ. ಆರೈಕೆ ಹೊಂದಿದವರಿಗೆ ಕಷ್ಟ ಕಡಿಮೆ ಆದದ್ದಲ್ಲದೆ ಅವರು ಹೆಚ್ಚು ದಿವಸ ಬದುಕಿದರು: ಇತರರು ನಡುಲೆಕ್ಕಕ್ಕೆ 8.9 ತಿಂಗಳು, ಇವರು 11.6 ತಿಂಗಳು.

ಮಾರ್ಫಿನಿನಿಂದ ಚಟ ಹತ್ತುವದು, ಅದು ಪ್ರಾಣವನ್ನು ತೆಗೆಯುವದು ಎಂಬದು ಇನ್ನೊಂದು ಭಯ. ಬಲ್ಲವರು ನೋವಿಗೆ ತಕ್ಕ ಹಾಗೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಕೊಟ್ಟರೆ ಕಡೇ ದಿವಸಗಳಲ್ಲಿರುವವರಿಗೆ ಚಟವಾಗುವದು ಬಹು ವಿರಳ, ಆಯುಷ್ಯವೂ ಕಡಿಮೆಯಾಗದು. ಆದರೆ ಹೇಳಿದ ಪ್ರಮಾಣವನ್ನು ನಾವಾಗಿ ಹೆಚ್ಚಿಸಬಾರದು, ಇನ್ನೊಬ್ಬರಿಗೆ ಕೊಡಬಾರದು, ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು.

ಎಚ್ಚರಿಕೆಯಿಂದ ದೂರವಿರತಕ್ಕವರೂ ಇದ್ದಾರೆ. ಗುಣಮಾಡುತ್ತೇವೆಂದು ಮಾತು ಕೊಟ್ಟು ಮುಂಗಡ ಕೇಳುವವರು. ಪ್ರಯೋಜನವೇನೆಂದು ಹೇಳದೆ ದಿನದಿನಕ್ಕೆ ಸಲೈನು ಏರಿಸಿ ಲೆಕ್ಕ ಬೆಳೆಸುವವರು. ಮನೆಯವರನ್ನು ಒಳಗೆ ಬಿಡದವರು. ಪ್ರಶ್ನೆ ಕೇಳಿದರೆ ಸಿಟ್ಟಾಗುವವರು. ಒಳ್ಳೇ ಮನೆಯವರು ಪ್ರಶ್ನೆಗೆ ಹೆದರುವದಿಲ್ಲ. ತಮ್ಮಲ್ಲಿ ಇಲ್ಲದ್ದನ್ನು ಇಲ್ಲವೆಂದು ಹೇಳುವವರನ್ನು ನಂಬಬಹುದು.

7. ಸಮಾಪ್ತಿ

ದೊಡ್ಡಮ್ಮನವರನ್ನು ನಾವು ಹತ್ತನೆಯ ದಿವಸ ಮನೆಗೆ ಕರತಂದೆವು. ಆಸ್ಪತ್ರೆಯ ಮೂಲಕ ಒಂದು ಚಿಕ್ಕ ತಂಡದ ಪರಿಚಯವಾಯಿತು. ಅವರಿಗೆ ಕಟ್ಟಡವಿರಲಿಲ್ಲ, ಹಳೇ ಜೀಪೊಂದಿತ್ತು. ದಾದಿಯು ಬಂದವಳೇ ಚಾಪೆಯ ಮೇಲೆ ಕೂತು, "ಅಮ್ಮಾ, ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಯಾವದು?" ಎಂದು ಕೇಳಿದಳು. ನೋವು ಅನ್ನುವರೆಂದು ನಾವು ನೆನಸಿದೆವು. ಅವರು, "ಬೆಳಿಗ್ಗೆ ಜಗಲಿಯಲ್ಲಿ ಕೂತು ದನ ಹೋಗುವದನ್ನು ನೋಡದೆ ಬಹಳ ದಿವಸವಾಯಿತು" ಅಂದರು. ದಾದಿಯು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮದ್ದಿನ ಹೊತ್ತುಗಳನ್ನು ಗೋಡೆಯ ಮೇಲೆ ಇದ್ದಲಿನಿಂದ ನಮ್ಮಿಂದಲೇ ಬರಿಸಿದಳು. ರಾತ್ರಿ ಎರಡು ಗಂಟೆಯದೂ ಅದರಲ್ಲಿ ಸೇರಿತ್ತು. ನಾಲ್ಕನೆಯ ದಿವಸ ದಿಂಬುಗಳನ್ನು ಆನಿಸಿ ದೊಡ್ಡಮ್ಮನವರನ್ನು ಜಗಲಿಯಲ್ಲಿ ಕೂಡ್ರಿಸಿದೆವು. ಐದು ವಾರಗಳ ಮೇಲೆ ಅವರು ಮನೆಯಲ್ಲಿಯೇ ನಿದ್ರೆಹೋದರು. ಸಭೆಯ ಸ್ತ್ರೀಯರು ಸರದಿಯಿಂದ ರಾತ್ರಿ ಎಚ್ಚರವಿದ್ದದ್ದರಿಂದ ನನ್ನ ಅಕ್ಕಂದಿರಿಗೂ ಸ್ವಲ್ಪ ನಿದ್ದೆ ಸಿಕ್ಕಿತು.

ಪ್ರಿಯರೇ, ಸಾಯುವವರು ತಮ್ಮ ಶುಶ್ರೂಷೆಯ ವಿಷಯದಲ್ಲಿ ದೂರು ಹೇಳುವದಕ್ಕೆ ತಿರಿಗಿ ಬರುವದಿಲ್ಲ. ಆದಕಾರಣ ಅವರ ಪರವಾಗಿ ಮುಂಚಿತವಾಗಿ ಕೇಳುವ ಭಾರವು ನಮ್ಮ ಮೇಲಿದೆ. ಯಾವ ಮನೆಯನ್ನಾಗಲಿ ಯಾವ ತಂಡವನ್ನಾಗಲಿ ಹಗಲಿನಿಂದ ಅಳೆಯಬೇಡಿರಿ, ರಾತ್ರಿಯಿಂದ ಅಳೆಯಿರಿ.

ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಏನಿದೆ, ಏನು ಮಾಡುತ್ತಾರೆ, ಏನಾಗುತ್ತದೆ ಎಂಬ ಮೂರರಲ್ಲಿ ನಾವು ಸಾಧಾರಣವಾಗಿ ಯಾವದನ್ನು ಮಾತ್ರ ನೋಡುತ್ತೇವೆ? ಯಾಕೆ?

2. ಸಿಸಿಲಿ ಸಾಂಡರ್ಸರು ಹೇಳಿದ ನೋವಿನ ನಾಲ್ಕು ಪಾಲುಗಳು ಯಾವವು? ಇವುಗಳಲ್ಲಿ ಡಾಕ್ಟರರಿಲ್ಲದೆ ನೆರೆಯವರೇ ಕಡಿಮೆ ಮಾಡಬಹುದಾದವುಗಳು ಯಾವವು?

3. ನಮ್ಮ ತಾಲೂಕಿನಲ್ಲಿ ಮಾರ್ಫಿನ್ ಎಲ್ಲಿ ಸಿಕ್ಕುತ್ತದೆ? ಇದನ್ನು ವಿಚಾರಿಸಿ ಬರುವ ಕೂಟದಲ್ಲಿ ತಿಳಿಸುವವರು ಯಾರು?

4. ಈಗ ನಮ್ಮ ಊರಿನಲ್ಲಿ ಹೀಗೆ ಮಲಗಿರುವವರು ಯಾರು? ಈ ವಾರದಲ್ಲಿ ಅವರ ಮನೆಯಲ್ಲಿ ಒಂದು ರಾತ್ರಿ ಎಚ್ಚರವಿರುವವರು ಯಾರು?